ಹಪ್ಪಳದ ಬಂಡಿ, ಅಟ್ಟದ ಬಾಗಿಲು, ಬರೆಯುವ ಮೇಜು

ಕೆಲಸ ಮುಕ್ಕಾಲು ಮುಗಿದಿದೆ. ಹಪ್ಪಳ ಒಣಗಿಸುವ ಬಂಡಿ ಓಡುತ್ತದೆ, ಬರೆಯುವ ಮೇಜು ಜಗಲಿಯಲ್ಲಿ ನಿಂತಿದೆ, ಅಟ್ಟ ಅರ್ಧ ಖಾಲಿಯಾಗಿದೆ. ನಾನು ಬರೆಯುತ್ತಿರುವ ನೀಳ್ಗತೆ ಮಾತ್ರ ಇದ್ದಲ್ಲೇ ಇದೆ. ಮಳೆ ಹಿಡಿಯುವ ಮೊದಲು ಎಲ್ಲ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ. ಮುಂದಿನ ವರ್ಷ ನನಗೇ ಬೇಕಾಗುತ್ತದೆ, ಇದೇ ತಾಪತ್ರಯದಲ್ಲಿರುವ ಬೇರೆಯವರಿಗೂ ಅಳತೆ, ಖರ್ಚು ಉಪಯೋಗಕ್ಕೆ ಬಂದೀತು.

ತಾಪತ್ರಯ ಏನೆಂದರೆ, ನಮ್ಮದು ಸಿದ್ದಾಪುರ ಕಡೆಯ ಅಡಿಕೆ ತೋಟದ ಮನೆ. ಚಾಲಿ ಅಡಿಕೆ ಒಣಗಿಸಿ ಮುಗಿಯಿತು, ಕಾಳುಮೆಣಸು ಚೀಲಕ್ಕೆ ಹೋಯಿತು, ಇನ್ನು ಆರಾಮ ಅಂದುಕೊಳ್ಳುವಷ್ಟರಲ್ಲಿ ಅಪ್ಪೆಮಿಡಿ ಬರುತ್ತದೆ. ಅದನ್ನು ಉಪ್ಪಿಗೆ ಹಾಕಿ ಭರಣಿ ಬಾಯಿ ಕಟ್ಟುವ ಹೊತ್ತಿಗೆ ಹಲಸು ಬಲಿತಿರುತ್ತದೆ, ಜೊತೆಗೇ ಮುರುಗಲು (ದಕ್ಷಿಣ ಕನ್ನಡದವರ ಪುನರ್ಪುಳಿ) ಹಣ್ಣಾಗಿ ಉದುರುತ್ತದೆ. ಮಿಡಿಗೆ ಉಪ್ಪು ಸಾಕು. ಹಲಸಿಗೂ ಮುರುಗಲಿಗೂ ಬಿಸಿಲು ಬೇಕು, ಬಿಸಿಲಿಗೆ ಇಟ್ಟದ್ದನ್ನು ಕಾಯಲು ಒಬ್ಬರು ಬೇಕು. ಆ ಒಬ್ಬರು ನಾನು. ಬೆಳಗ್ಗೆ ಕಾಗೆ, ಮಧ್ಯಾಹ್ನ ಮಂಗ, ನಾಲ್ಕು ಗಂಟೆಗೆ ಗುಡುಗು. ಒಳಗಿನ ಕೋಣೆಯ ಮೇಜಿಗೂ ಅಂಗಳಕ್ಕೂ ಓಡಾಡುವುದರಲ್ಲೇ ಬೇಸಿಗೆ ಮುಗಿಯುತ್ತಿತ್ತು. ವಾರಕ್ಕೊಂದು ಅಂಕಣ ಕೊಡಬೇಕು, 700 ಪದ, ಗುರುವಾರ ಸಂಜೆಯೊಳಗೆ. ಅದರ ಮೇಲೆ ಮಳೆಗಾಲಕ್ಕೆ ಮುಂಚೆ ಹೆಂಚು ತೆಗೆದು ಹೊದಿಸುವವರು ಬರುತ್ತಾರೆ, ಅಷ್ಟರೊಳಗೆ ಅಡುಗೆಮನೆ ಮೇಲಿನ ಅಟ್ಟ ಖಾಲಿ ಮಾಡಿಕೊಡಬೇಕು.

ವೇಳಾಪಟ್ಟಿ ಹಾಕಿ ನೋಡಿದ್ದಾಗಿದೆ. ವೇಳಾಪಟ್ಟಿಯನ್ನು ಹಲಸಿನಕಾಯಿ ಓದುವುದಿಲ್ಲ. ಹಾಗಾಗಿ ಈ ಸಲ ಹೊತ್ತು ಹೊಂದಿಸುವುದನ್ನು ಬಿಟ್ಟು ಜಾಗ ಹೊಂದಿಸಲು ಹೊರಟೆ. ಒಣಗಿಸುವ ಸಾಮಾನಿಗೆ ಚಕ್ರ ಹಾಕುವುದು, ಬರೆಯುವ ಮೇಜನ್ನು ಜಗಲಿಗೆ ತರುವುದು, ಎರಡಕ್ಕೂ ಮರ ಅಟ್ಟದಿಂದಲೇ ಇಳಿಸುವುದು. ಇಷ್ಟೇ ಯೋಜನೆ.

ಏಪ್ರಿಲ್ 3. ಅಟ್ಟ

ಬೇಕಾದದ್ದು: ಏಣಿ, ತಲೆಗೆ ಕಟ್ಟುವ ಟಾರ್ಚು, ಮೂಗಿಗೆ ಒದ್ದೆ ಬಟ್ಟೆ, ಕೆಳಗೆ ನಿಂತು ಸಾಮಾನು ಇಸಿದುಕೊಳ್ಳಲು ಒಬ್ಬರು.

"ಇಡುವುದಾ, ಬಿಸಾಡುವುದಾ" ಅಂತ ಕೇಳುತ್ತ ಹೋದರೆ ನಮ್ಮಂಥ ಮನೆಯಲ್ಲಿ ಅಟ್ಟ ಖಾಲಿಯಾಗುವುದಿಲ್ಲ. ಪ್ರತಿ ತೂತು ಕೊಡಪಾನಕ್ಕೂ ಒಬ್ಬ ವಾರಸುದಾರರಿರುತ್ತಾರೆ. ಹಾಗಾಗಿ ಪ್ರಶ್ನೆ ಬದಲಿಸಿದೆ: ಈ ಬೇಸಿಗೆಯ ಕೆಲಸಕ್ಕೆ ಬರುತ್ತದಾ? ಬಂದರೆ ಜಗಲಿಗೆ, ಇಲ್ಲದಿದ್ದರೆ ಕೊಟ್ಟಿಗೆ ಪಕ್ಕದ ಕೋಣೆಗೆ. ತಕರಾರು ಆಮೇಲೆ.

ಜಗಲಿಗೆ ಬಂದದ್ದು ಹಳೇ ಉಗ್ರಾಣದ ಎರಡು ಬಾಗಿಲ ಹಲಗೆ, ಹಲಸಿನ ಮರದ್ದು, ಒಂದೊಂದೂ 5 ಅಡಿ 9 ಇಂಚು ಉದ್ದ, 1 ಅಡಿ 2 ಇಂಚು ಅಗಲ. ಒಂದರ ಕೆಳಮೂಲೆಗೆ ಮಾತ್ರ ಗೆದ್ದಲು ಹಿಡಿದಿತ್ತು. ಕಾಲು ಮುರಿದ ಮಂಚದ ಚೌಕಟ್ಟು. ಅಡಿಕೆ ಮರ ಸೀಳಿದ ದಬ್ಬೆಯ ಕಟ್ಟು. ಬಾವಿಯ ಕಬ್ಬಿಣದ ರಾಟೆ, ತುಕ್ಕು ಹಿಡಿದದ್ದು, ಆದರೆ ಎಣ್ಣೆ ಬಿಟ್ಟರೆ ತಿರುಗುತ್ತದೆ. ಮೂರು ಒಳ್ಳೇ ಭರಣಿ. ಎರಡು ಟ್ರಂಕು ಕಾಗದ.

ತಳ ತೂತಾದ ಹಿತ್ತಾಳೆ ಹಂಡೆಯನ್ನು ಕೊಟ್ಟಿಗೆ ಕಡೆ ಕಳಿಸಿದ್ದೆ. ಸಂಜೆ ನೋಡಿದರೆ ಅತ್ತೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದರು. ಅದು ಈಗ ದೇವರ ಕೋಣೆ ಪಕ್ಕದಲ್ಲಿದೆ. ಮಾತಾಡುವ ಹಾಗಿಲ್ಲ.

ಏಪ್ರಿಲ್ 9. ಚೌಕಟ್ಟು

ಆಚಾರಿಯವರು ಎರಡು ದಿನದ ಕೆಲಸ ಅಂದರು, ಎರಡೇ ದಿನದಲ್ಲಿ ಮುಗಿಸಿದರು. ಇದು ಅಪರೂಪ, ಅದಕ್ಕೇ ಬರೆದಿಡುತ್ತಿದ್ದೇನೆ.

ಬಂಡಿಯ ಅಳತೆ: ಉದ್ದ 6 ಅಡಿ, ಅಗಲ 3 ಅಡಿ. ಮನೆ ಕಡೆಯ ಕಂಬ 5 ಅಡಿ, ಅಂಗಳದ ಕಡೆಯದು 4 ಅಡಿ, ಮೇಲೆ ಹೊದಿಸುವ ಪ್ಲಾಸ್ಟಿಕ್ಕಿನ ನೀರು ಅಂಗಳಕ್ಕೆ ಇಳಿಯಲಿ ಅಂತ. ಒಳಗೆ ಮೂರು ತಟ್ಟಿ. ಕೆಳಗಿನದು ನೆಲದಿಂದ ಒಂದೂವರೆ ಅಡಿ ಮೇಲೆ, ಉಳಿದ ಎರಡಕ್ಕೆ 9 ಇಂಚಿನ ಅಂತರ. ಮಂಚದ ಅಡ್ಡಪಟ್ಟಿ ಉದ್ದದ ಬದಿಗೆ ಸರಿಯಾಗಿ ಬಂತು. ತಟ್ಟಿಯ ಚೌಕಟ್ಟಿಗೆ ಅಡಿಕೆ ದಬ್ಬೆ. ತಟ್ಟಿಗಳನ್ನು ಮೊಳೆ ಹೊಡೆದು ಕೂರಿಸಬೇಡಿ, ಗೂಟದ ಮೇಲೆ ಸುಮ್ನೆ ಕೂರಬೇಕು. ತೊಳೆಯಲು ದಿನಾ ತೆಗೆಯಬೇಕಾಗುತ್ತದೆ.

"ಅಮ್ಮಾ, ಇದು ಮಂಚವೋ ರಥವೋ?" ಅಂತ ಆಚಾರಿಯವರು ಕೇಳಿದರು. ಆಗಿನ್ನೂ ಚಕ್ರ ಬಂದಿರಲಿಲ್ಲ.

ಏಪ್ರಿಲ್ 12. ಚಕ್ರ, ಮೊದಲನೇ ಸಲ

ಆಫೀಸು ಕುರ್ಚಿಯ ಕಾಲಿಗೆ ಇರುತ್ತದಲ್ಲ, ಆ ತರಹದ 2 ಇಂಚಿನ ಚಕ್ರ ನಾಲ್ಕು ತಂದೆ, 520 ರೂಪಾಯಿ. ಜಗಲಿಯ ನೆಲದಲ್ಲಿ ಚೆನ್ನಾಗಿ ಓಡಿತು. ನಮ್ಮ ಅಂಗಳ ಮಣ್ಣಿನದು, ಸಗಣಿ ಹಾಕಿ ಸಾರಿಸಿದ್ದು. ಖಾಲಿ ಬಂಡಿಯೇ ಮೂರು ಅಡಿ ಹೋಗಿ ನಿಂತಿತು, ಚಕ್ರದ ಅರ್ಧ ನೆಲದೊಳಗೆ. ಅಂಗಳಕ್ಕೆ ನಾಲ್ಕು ಗೀರು ಬಿದ್ದದ್ದಕ್ಕೆ ಅತ್ತೆಯ ಕೈಲಿ ಬೈಸಿಕೊಂಡದ್ದು ಬೇರೆ. ಸೈಕಲ್ ಚಕ್ರ ಹಾಕಬಹುದಿತ್ತು, ಆದರೆ ಬಂಡಿ ಎತ್ತರವಾಗಿ ಸೂರಿಗೆ ತಾಗುತ್ತಿತ್ತು.

ಏಪ್ರಿಲ್ 17. ಹಳಿ

ಪರಿಹಾರ ಸಿಕ್ಕಿದ್ದು ವೆಲ್ಡಿಂಗ್ ಅಂಗಡಿಯಲ್ಲಿ. ಎಳೆಯುವ ಗೇಟಿಗೆ ಹಾಕುವ, ನಡುವೆ ತೋಡು ಇರುವ ಚಕ್ರ. ಒಂದಕ್ಕೆ 180 ರೂಪಾಯಿ. 25 ಮಿಲಿಮೀಟರಿನ, L ಆಕಾರದ ಕಬ್ಬಿಣದ ಆ್ಯಂಗಲ್ ಪಟ್ಟಿಯನ್ನು ಏಣು ಮೇಲೆ ಬರುವ ಹಾಗೆ ಬೋರಲು ಮಲಗಿಸಿದರೆ ಅದೇ ಹಳಿ. ಪಟ್ಟಿ 20 ಅಡಿಯ ಉದ್ದದಲ್ಲಿ ಸಿಗುತ್ತದೆ. ಎರಡು ತಂದು 14 ಅಡಿಗೆ ಕತ್ತರಿಸಿದೆ. ಅಷ್ಟೇ ಯಾಕೆ ಅಂದರೆ ಅದರಾಚೆ ಹೋದರೆ ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುವ ದಾರಿಗೆ ಅಡ್ಡ. ಉಳಿದ ತುಂಡುಗಳು ಆಮೇಲೆ ಮೇಜಿಗೆ ಬೇಕಾದವು.

ಇಲ್ಲಿ ಎರಡು ಎಡವಟ್ಟು. ಮೊದಲನೆಯದು, ಎರಡು ಹಳಿಯ ನಡುವೆ ಅಡ್ಡಪಟ್ಟಿ ಹಾಕಿರಲಿಲ್ಲ. ಮುರುಗಲು ತುಂಬಿದ ಬಂಡಿಯ ಭಾರಕ್ಕೆ ಹಳಿಗಳು ಆಚೀಚೆ ಸರಿದು ಚಕ್ರ ಕೆಳಗಿಳಿಯಿತು. ಎರಡು ಕಡೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿದ ಮೇಲೆ ಸರಿಹೋಯಿತು.

ಎರಡನೆಯದು ಇಳಿಜಾರು. ಮಳೆ ನೀರು ಹರಿದು ಹೋಗಲಿ ಅಂತ ನಮ್ಮ ಕಡೆ ಎಲ್ಲ ಅಂಗಳವೂ ಮನೆಯಿಂದ ಹೊರಕ್ಕೆ ವಾಲಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಂಡಿಗೆ ಗೊತ್ತಾಗುತ್ತದೆ. ನಾನು ನೀರು ಕುಡಿದು ಬರುವಷ್ಟರಲ್ಲಿ ಬಂಡಿ ತಾನೇ ಹೊರಟು ಹಳಿ ಮುಗಿದಲ್ಲಿ ಮುಂದಕ್ಕೆ ಮುಗ್ಗರಿಸಿ ನಿಂತಿತ್ತು. ಆಮೇಲೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದರೆ 14 ಅಡಿಗೆ 4 ಇಂಚು ಇಳಿಜಾರು. ಹೊರ ತುದಿಯ ಕೆಳಗೆ ಕೆಂಪುಕಲ್ಲಿನ ಚೂರು ಕೊಟ್ಟು 3 ಇಂಚು ಎತ್ತರಿಸಿದೆ, ಹಳಿಯ ಕೊನೆಗೆ ಒಂದೊಂದು ಮರದ ತುಂಡು ಅಡ್ಡ ಇಟ್ಟೆ. ಕತ್ತಲಲ್ಲಿ ಯಾರೂ ಎಡವದಿರಲಿ ಅಂತ ಎತ್ತರಿಸಿದ ತುದಿಗೆ ಸುಣ್ಣ ಬಳಿದೆ. ನೀವು ಮಾಡುವುದಾದರೆ ಮಟ್ಟ ಮೊದಲು ನೋಡಿ, ಹಳಿ ಆಮೇಲೆ ತನ್ನಿ.

ರಾಟೆಯನ್ನು ಜಗಲಿ ಕಂಬಕ್ಕೆ ಕಟ್ಟಿ, ಹಗ್ಗದ ಒಂದು ತುದಿ ಬಂಡಿಗೆ, ಇನ್ನೊಂದು ತುದಿ ಮೇಜಿಡುವ ಜಾಗಕ್ಕೆ. ಕೂತಲ್ಲಿಂದಲೇ ಎಳೆದರೆ ಬಂಡಿ ಜಗಲಿ ಮುಂದಿನ ತಗಡಿನ ಮಾಡಿನ ಕೆಳಗೆ ಬರುತ್ತದೆ. ತಗಡು ನಾಲ್ಕೂವರೆ ಅಡಿ ಮುಂದಕ್ಕೆ ಚಾಚಿದೆ, ಬಂಡಿಯ ಅಗಲ 3 ಅಡಿ, ಹಾಗಾಗಿ ಎರಚಲು ಬಡಿಯುವುದಿಲ್ಲ.

ಏಪ್ರಿಲ್ 20. ಮುರುಗಲು ಮತ್ತು ಜಾಲರಿ

ಹಣ್ಣು ಎರಡು ಹೋಳು ಮಾಡಿ ಬೀಜ, ರಸ ಬೇರೆ ತೆಗೆದು ಸಿಪ್ಪೆ ಒಣಗಿಸುವುದು. ಸಂಜೆ ಆ ಸಿಪ್ಪೆಯನ್ನು ಉಪ್ಪು ಹಾಕಿದ ಅದೇ ರಸದಲ್ಲಿ ಅದ್ದಿ ಮರುದಿನ ಮತ್ತೆ ಬಿಸಿಲಿಗೆ. ಹೀಗೆ ಮಾಡಿದಷ್ಟೂ ಸಿಪ್ಪೆ ಕಪ್ಪಾಗಿ ಹುಳಿ ಏರುತ್ತದೆ. ಬೀಜ ಒಣಗಿಸಿಟ್ಟರೆ ಮುರುಗಲು ತುಪ್ಪಕ್ಕೆ, ಅದು ಚಳಿಗಾಲದಲ್ಲಿ ಹಿಮ್ಮಡಿ ಒಡೆದಾಗ ಹಚ್ಚಲು ಬೇಕೇ ಬೇಕು.

ತಟ್ಟಿಗೆ ನಾನು ಹಾಕಿದ್ದು ಸತುವಿನ ಲೇಪ ಇರುವ ತಂತಿ ಜಾಲರಿ, 900 ರೂಪಾಯಿ. ಗಟ್ಟಿ, ಮಂಗ ಹರಿಯುವುದಿಲ್ಲ ಅಂತ ಲೆಕ್ಕ. ಮುರುಗಲಿನ ಹುಳಿಗೆ ಸತು ತಡೆಯುವುದಿಲ್ಲ ಅಂತ ಹೊಳೆದಿರಲಿಲ್ಲ. ಎರಡನೇ ದಿನಕ್ಕೆ ಜಾಲರಿ ಮೇಲೆ ಬಿಳೀ ಪುಡಿ, ಮೂರನೇ ದಿನಕ್ಕೆ ತಂತಿ ಕಪ್ಪು, ಸಿಪ್ಪೆಯ ಅಡಿಯಲ್ಲಿ ಚೌಕ ಚೌಕ ಗುರುತು. ಒಂದು ಚೂರು ನೆಕ್ಕಿ ನೋಡಿದೆ, ಲೋಹದ ರುಚಿ. ಆ ತಟ್ಟಿಯ ಸಿಪ್ಪೆ ಪೂರ್ತಿ ತೆಂಗಿನ ಬುಡಕ್ಕೆ ಹೋಯಿತು. ತೊಳೆದು ಇಟ್ಟುಕೊಳ್ಳೋಣ ಅಂತ ಇವರು ಹೇಳಿದರು, ನಾನು ಒಪ್ಪಲಿಲ್ಲ. ಸತು ಕರಗಿ ಸೇರಿದ್ದನ್ನು ಊಟಕ್ಕೆ ಹಾಕುವುದು ಬೇಡ.

ಈಗ ಇರುವುದು ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ, ಕೆಳಗೆ ಆಧಾರಕ್ಕೆ ದಬ್ಬೆ. 480 ರೂಪಾಯಿಯಲ್ಲಿ ಮೂರು ತಟ್ಟಿಗೂ ಆಯಿತು. ತಂತಿ ಜಾಲರಿಯನ್ನು ಬಂಡಿಯ ಎರಡು ಪಕ್ಕಕ್ಕೆ ಮಂಗನ ತಡೆಗೆ ಹೊಡೆದೆ. ಅಲ್ಲಿ ಹುಳಿ ತಾಗುವುದಿಲ್ಲ.

ಏಪ್ರಿಲ್ 24. ಮೇಲಿನ ಹೊದಿಕೆ

200 ಮೈಕ್ರಾನಿನ, ಬಿಸಿಲಿಗೆ ತಾಳುವ ಪಾಲಿಥೀನ್ ಹಾಳೆ, 650 ರೂಪಾಯಿ. ಮೊದಲು ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದೆ. ಒಳಗೆ ಥರ್ಮಾಮೀಟರ್ ಇಟ್ಟರೆ ಮಧ್ಯಾಹ್ನ 64 ಡಿಗ್ರಿ. ಭಾರೀ ಖುಷಿ. ಒಂದು ಗಂಟೆ ಬಿಟ್ಟು ನೋಡಿದರೆ ಹಾಳೆಯ ಒಳಮೈಯೆಲ್ಲ ನೀರ ಹನಿ, ಅದು ತೊಟ್ಟಿಕ್ಕಿ ಮೇಲಿನ ತಟ್ಟಿ ಒದ್ದೆ. ಶಾಖ ಇದ್ದರೆ ಸಾಲದು, ತೇವ ಹೊರಗೆ ಹೋಗಬೇಕು.

ಅತ್ತೆ ಬಂದು ನೋಡಿ, "ಬೇಯ್ಸೂದು ಬೇರೆ, ಒಣಗ್ಸೂದು ಬೇರೆ ತಂಗೀ" ಅಂದು ಹೋದರು.

ಅಂಗಳದ ಕಡೆ ಕೆಳಗೆ ಉದ್ದಕ್ಕೂ 3 ಇಂಚು, ಮನೆ ಕಡೆ ಮೇಲ್ತುದಿಯಲ್ಲಿ 4 ಇಂಚು ಬಾಯಿ ಬಿಟ್ಟೆ, ಎರಡಕ್ಕೂ ನೊಣ ಬಾರದ ಹಾಗೆ ಜಾಲರಿ. ಶಾಖ 50-54 ಡಿಗ್ರಿಗೆ ಇಳಿಯಿತು, ಹನಿ ನಿಂತಿತು. ಅಂಗಳದಲ್ಲಿ ವಾರ ಹಿಡಿಯುತ್ತಿದ್ದ ಮುರುಗಲು ಸಿಪ್ಪೆ ಈಗ ಅದರ ಅರ್ಧ ಹೊತ್ತಿನಲ್ಲಿ ಒಣಗುತ್ತಿದೆ. ಮೂರು ತಟ್ಟಿಯಲ್ಲಿ ಮೇಲಿನದು ಬೇಗ, ಕೆಳಗಿನದು ನಿಧಾನ, ಅದಕ್ಕೆ ಮಧ್ಯಾಹ್ನ ಊಟಕ್ಕೆ ಏಳುವಾಗ ತಟ್ಟಿ ಅದಲು ಬದಲು.

ಏಪ್ರಿಲ್ 29. ಹಪ್ಪಳ

ಬಲಿತ ಬಕ್ಕೆ ಕಾಯಿ, ಅಂದರೆ ಗಟ್ಟಿ ಸೊಳೆಯ ಹಲಸು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿ ಕೊಯ್ದು ಸೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ಬಿಸಿ ಇರುವಾಗಲೇ ನೀರು ಹಾಕದೆ ರುಬ್ಬುವುದು, ಉಪ್ಪು, ಖಾರ, ಜೀರಿಗೆ. ಉಂಡೆ ಮಾಡಿ ಎಣ್ಣೆ ಹಚ್ಚಿದ ಎರಡು ಹಾಳೆಯ ನಡುವೆ ಒತ್ತುವುದು. ಇದರಲ್ಲಿ ನನ್ನ ಹೊಸ ವಿದ್ಯೆ ಏನೂ ಇಲ್ಲ, ಅತ್ತೆ ಹೇಳಿದ ಹಾಗೆ.

ಒತ್ತಿದ ಹಪ್ಪಳ ನೇರ ಬಂಡಿಗೆ ಹಾಕಿದೆವು. ಸಂಜೆಗೆ ಅಂಚು ಮುದುಡಿ, ನಡುವೆ ಸೀಳು. ಹೊರಮೈ ಬೇಗ ಗಟ್ಟಿಯಾಗಿ ಒಳಗೆ ಹಸಿ ಉಳಿದಿತ್ತು. ಕರಿದರೆ ನಡುವೆ ಮೆತ್ತಗೆ. ಎಸೆಯಲಿಲ್ಲ, ಮುರಿದು ಸಾಂಬಾರಿಗೆ ಹಾಕಿ ಮುಗಿಸಿದೆವು.

ಸರಿಯಾದ ಕ್ರಮ ಹೀಗೆ. ಬೆಳಗ್ಗೆ ಚಾಪೆ ಮೇಲೆ ಬಯಲು ಬಿಸಿಲಿಗೆ ಹಾಕಿ, ಒಮ್ಮೆ ಮಗುಚಿ, ಹಾಳೆಯಿಂದ ಪೂರ್ತಿ ಬಿಟ್ಟುಕೊಂಡ ಮೇಲೆ ಮಧ್ಯಾಹ್ನ ಬಂಡಿಗೆ. ಮರುದಿನ ಸಂಜೆ ಡಬ್ಬಿಗೆ. ಹಾಗಾಗಿ ಚಾಪೆಯಿಂದ ಪೂರ್ತಿ ಬಿಡುಗಡೆ ಸಿಕ್ಕಿಲ್ಲ, ಅರ್ಧ ದಿನ ಕಾಯಲೇಬೇಕು.

"ಭರಣಿ ಮಳೆ ಧರಣಿಯೆಲ್ಲ ಬೆಳೆ" ಅಂತ ಗಾದೆ. ಗಾದೆ ಕಟ್ಟಿದವರು ಅಂಗಳದಲ್ಲಿ ಹಪ್ಪಳ ಹರವಿರಲಿಲ್ಲ ಅಂತ ಕಾಣುತ್ತದೆ. ಈ ಸಲ ಭರಣಿ ನಕ್ಷತ್ರದ ಮಳೆ ಶುರುವಿನಲ್ಲೇ ಬಂತು, ಮಧ್ಯಾಹ್ನ ಮೂರಕ್ಕೆ. ನಾನು ಹಗ್ಗ ಎಳೆದೆ, ಬಂಡಿ ಒಳಗೆ ಬಂತು. ಚಾಪೆಯ ಮೇಲಿದ್ದದ್ದಕ್ಕೆ ಮಾತ್ರ ಓಡಬೇಕಾಯಿತು.

ಮೇ 4. ಮೇಜು

ಎರಡು ಬಾಗಿಲ ಹಲಗೆ ಸೇರಿಸಿದರೆ 2 ಅಡಿ 4 ಇಂಚು ಅಗಲ. ಗೆದ್ದಲು ತಿಂದ ಮೂಲೆ ಕೊಯ್ದು ಗೋಡೆ ಕಡೆಗೆ ಹಾಕಿದೆ. ಕೆಳಗೆ ಹಳಿಯ ಉಳಿಕೆ ತುಂಡುಗಳೇ ಅಡ್ಡಪಟ್ಟಿ. ಎತ್ತರ 29 ಇಂಚು. ಚಿಲಕದ ತೂತು ಮುಚ್ಚಲಿಲ್ಲ, ಚಾರ್ಜರಿನ ತಂತಿ ಅದರಲ್ಲೇ ಇಳಿಯುತ್ತದೆ.

ಯೋಚಿಸದೇ ಉಳಿದದ್ದು ಬೆಳಕು. ಅಂಗಳಕ್ಕೆ ಮುಖ ಮಾಡಿ ಕೂತರೆ ಕಣ್ಣು ಕುಕ್ಕುವ ಬಿಸಿಲು, ಲ್ಯಾಪ್‌ಟಾಪಿನ ಅಕ್ಷರ ಕಾಣುವುದಿಲ್ಲ. ಬೆನ್ನು ಮಾಡಿ ಕೂತರೆ ಅಕ್ಷರ ಕಾಣುತ್ತದೆ, ಮಂಗ ಕಾಣುವುದಿಲ್ಲ. ಮೇಜನ್ನು ಅಡ್ಡ ತಿರುಗಿಸಿ ಅಂಗಳ ಎಡಗಡೆಗೆ ಬರುವ ಹಾಗೆ ಇಟ್ಟು, ತಲೆಯ ಮಟ್ಟಕ್ಕೆ ಗೋಣಿಚೀಲದ ಪರದೆ ಇಳಿಬಿಟ್ಟೆ. ಗೋಣಿಯ ಕೆಳಗಿಂದ ಬಂಡಿ, ಚಾಪೆ ಎರಡೂ ಕಾಣುತ್ತವೆ. ಇಷ್ಟಾದರೂ ಹಗಲಲ್ಲಿ ಕಾಗದ ಪೆನ್ನೇ ವಾಸಿ. ಕೈಗೆ ಹಲಸಿನ ಮೇಣ ಅಂಟಿರುತ್ತದೆ, ಎಣ್ಣೆ ಹಚ್ಚಿ ಮೇಣ ತೆಗೆದರೆ ಎಣ್ಣೆ ಉಳಿಯುತ್ತದೆ, ಆ ಕೈಯನ್ನು ಕೀಲಿಮಣೆ ಮೇಲೆ ಇಡುವ ಹಾಗಿಲ್ಲ. ಫೋನಿಗೆ ಹೇಳಿ ಬರೆಸಿ ನೋಡಿದೆ. ಗ್ರೈಂಡರಿನ ಸದ್ದಿನಲ್ಲಿ ಅದು ಏನೇನೋ ಬರೆದುಕೊಂಡಿತು.

ಮೇ 9. ಕಾಗದ

ಮೊದಲನೇ ಟ್ರಂಕು ತೆರೆದೆ. ಹಳೇ ಪಂಚಾಂಗ, ಅಡಿಕೆ ಮಂಡಿಯ ಪಟ್ಟಿ, ಮಾವನವರು ಜೋಡಿಸಿಟ್ಟ ಕಸ್ತೂರಿ ಸಂಚಿಕೆಗಳು, ನನ್ನ ಕಾಲೇಜು ದಿನಗಳ ನೋಟ್ ಪುಸ್ತಕ, ವಾಪಸ್ ಬಂದ ಕಥೆಗಳು. ಎಲ್ಲದಕ್ಕೂ ಮುಗ್ಗಲು ವಾಸನೆ.

ಬಂಡಿ ಇದೆಯಲ್ಲ ಅಂತ ಒಂದಿಷ್ಟು ಪುಸ್ತಕ ಮೇಲಿನ ತಟ್ಟಿಯಲ್ಲಿ ಇಟ್ಟೆ. ಇದನ್ನು ಮಾಡಬೇಡಿ. ರಟ್ಟು ಬಿಲ್ಲಿನ ಹಾಗೆ ಬಾಗಿತು, ಗೋಂದು ಬೈಂಡಿಂಗಿನವು ಬೆನ್ನು ಬಿಟ್ಟು ಹಾಳೆ ಹಾಳೆಯಾದವು. ದಾರದಲ್ಲಿ ಹೊಲಿದ ಹಳೇ ಪುಸ್ತಕಗಳು ಮಾತ್ರ ಗಟ್ಟಿಯಾಗಿ ಉಳಿದವು. ಕಾಗದಕ್ಕೆ ಬೇಕಿರುವುದು ಗಾಳಿ, ಬಿಸಿಲಲ್ಲ. ಜಗಲಿಯಲ್ಲಿ ಹಗ್ಗ ಕಟ್ಟಿ ನಡುವೆ ತೆರೆದು ನೇತು ಹಾಕಿದರೆ ಸಾಕು. ಒಣಗಿದ ಮೇಲೆ ನಡುನಡುವೆ ಬಜೆ ಬೇರಿನ ಚೂರು ಹಾಕಿ ಟ್ರಂಕಿಗೆ ವಾಪಸ್, ಹುಳ ಬರುವುದಿಲ್ಲ.

ಕಾಗದ ವಿಂಗಡಿಸುವುದಿದ್ದರೆ ಬೆಳಗ್ಗೆ ಆರರಿಂದ ಏಳೂವರೆ, ಹಣ್ಣು ಮುಟ್ಟುವ ಮೊದಲು. ಮುರುಗಲಿನ ಕೈಯಲ್ಲಿ ಮುಟ್ಟಿದ ಒಂದು ಹಸ್ತಪ್ರತಿಯ ಮೇಲೆ ಐದು ನೇರಳೆ ಬೆರಳು ಬಿದ್ದಿವೆ, ಹೋಗುವುದಿಲ್ಲ.

ನನ್ನ ಹಳೇ ಕಥೆಗಳಲ್ಲಿ ಹೆಚ್ಚಿನವು ಬಚ್ಚಲೊಲೆಗೆ ಹೋದವು. ಮೊದಲ ಪುಟ ಓದಿ ಎರಡನೇ ಪುಟಕ್ಕೆ ಮನಸ್ಸಾಗದಿದ್ದರೆ ಒಲೆಗೆ. ಬೇಸರ ಆಗಲಿಲ್ಲ. ಅಡಿಕೆ ಮಂಡಿಯ ಪಟ್ಟಿಗಳನ್ನು ಮಾತ್ರ ಪೂರ್ತಿ ಇಟ್ಟುಕೊಂಡೆ, ಅದರಲ್ಲಿ ನನ್ನ ಕಥೆಗಳಿಗಿಂತ ಜಾಸ್ತಿ ಕಥೆ ಇದೆ.

ಮೇ 21. ಬರವಣಿಗೆ ಆಯಿತಾ?

ಆಯಿತು, ಆಗಲಿಲ್ಲ. ಅಂಕಣ ಒಂದೂ ತಪ್ಪಲಿಲ್ಲ. ಗುರುವಾರ ಮಧ್ಯಾಹ್ನಕ್ಕೇ ಕಳಿಸುತ್ತಿದ್ದೇನೆ, ಇದು ಹಿಂದೆ ಬೇಸಿಗೆಯಲ್ಲಿ ಆದದ್ದಿಲ್ಲ. ಕಾಗೆ ಓಡಿಸಿ ಬಂದು ಕೂತರೆ ವಾಕ್ಯ ಸಿಗುತ್ತದೆ, ಯಾಕೆಂದರೆ ವಾಕ್ಯ ಆಗಲೇ ಅಲ್ಲಿದೆ. ತಿದ್ದುವುದು, ಕತ್ತರಿಸುವುದು, ಪ್ಯಾರಾ ಹಿಂದೆಮುಂದೆ ಮಾಡುವುದು, ಇವೆಲ್ಲ ಬಂಡಿ ಪಕ್ಕ ಚೆನ್ನಾಗಿ ನಡೆಯುತ್ತವೆ.

ಹೊಸದಾಗಿ ಬರೆಯುವುದು ನಡೆಯುವುದಿಲ್ಲ. ನೀಳ್ಗತೆಯ ಮುಂದಿನ ಭಾಗಕ್ಕೆ ಕೂತರೆ, ಪಾತ್ರ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಹಪ್ಪಳ ಮಗುಚುವ ಹೊತ್ತಾಗಿರುತ್ತದೆ. ಮೇಜಿನ ಜಾಗ ಬದಲಿಸಿದ್ದರಿಂದ ಇದು ಬಗೆಹರಿಯಲಿಲ್ಲ, ಬಗೆಹರಿಯುವುದೂ ಇಲ್ಲ ಅಂತ ಈಗ ಗೊತ್ತಾಗಿದೆ. ಹಾಗಾಗಿ ಇನ್ನು ಮೇಲೆ ಮೊದಲ ಕರಡು ಎಲ್ಲ ಮಳೆಗಾಲಕ್ಕೆ, ತಿದ್ದುವ ಕೆಲಸ ಬೇಸಿಗೆಗೆ ಅಂತ ಹಂಚಿಕೊಳ್ಳುತ್ತೇನೆ. ಮೃಗಶಿರ ಮಳೆ ಹುಟ್ಟಿದ ಮೇಲೆ ಅಂಗಳಕ್ಕೆ ಯಾರೂ ಕರೆಯುವುದಿಲ್ಲ.

ಖರ್ಚು

ಆ್ಯಂಗಲ್ ಪಟ್ಟಿ 990, ಗೇಟಿನ ಚಕ್ರ 720, ಬೆಸುಗೆ 600, ನೈಲಾನ್ ಜಾಲರಿ 480, ಪಾಲಿಥೀನ್ 650, ಸ್ಕ್ರೂ ಮೊಳೆ ಕೀಲು 310, ಆಚಾರಿಯವರ ಕೂಲಿ 2,000. ಒಟ್ಟು 5,750 ರೂಪಾಯಿ. ದಂಡಕ್ಕೆ ಹೋದದ್ದು ಸಣ್ಣ ಚಕ್ರ 520, ತಂತಿ ಜಾಲರಿ 900. ಜಾಲರಿ ಅರ್ಧ ಬಳಕೆಯಾಯಿತು ಅಂದುಕೊಂಡರೂ ಲೆಕ್ಕದಲ್ಲಿ ಪೂರ್ತಿ ಹಿಡಿದಿದ್ದೇನೆ, ಒಟ್ಟು 7,170. ಮೇಜು ಮಾಡಿದ್ದು ನಾನು, ಇವರು ಸೇರಿ, ಕೂಲಿ ಇಲ್ಲ.

ಬಾಕಿ

ಹಳಿಗೆ ರೆಡ್ ಆಕ್ಸೈಡ್ ಬಳಿಯಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಬಿಚ್ಚಿ ಒಳಗಿಡುವುದು ಇನ್ನೂ ಒಳ್ಳೆಯದು, ಆದರೆ ಅಡ್ಡಪಟ್ಟಿ ಬೆಸುಗೆ ಹಾಕಿಸಿದ್ದರಿಂದ ಇಡೀ ಹಳಿಯನ್ನೇ ಎತ್ತಬೇಕು, ನಾಲ್ಕು ಜನ ಬೇಕು. ಬೋಲ್ಟ್ ಹಾಕಿಸಿದ್ದರೆ ಈ ಗೋಳಿರಲಿಲ್ಲ. ಪಾಲಿಥೀನ್ ತೆಗೆದು ಒರೆಸಿ ಸುತ್ತಿಡಬೇಕು. ಮುರುಗಲು ಬೀಜ ಇನ್ನೂ ಎರಡು ಬಿಸಿಲು ಕೇಳುತ್ತಿದೆ. ಹೆಂಚಿನವರು ಸೋಮವಾರ ಬರುತ್ತಾರಂತೆ, ಅಟ್ಟದ ಪೂರ್ವದ ಮೂಲೆಗೆ ನಾನಿನ್ನೂ ಕೈ ಹಾಕಿಲ್ಲ. ಎರಡನೇ ಟ್ರಂಕಿನ ಬೀಗದ ಕೈ ಯಾರ ಹತ್ತಿರವೂ ಇಲ್ಲ, ಆಚಾರಿಯವರು ಬಂದಾಗ ಕೊಂಡಿ ಕೊಯ್ಯಿಸಬೇಕು.